ಹಸಿರು ಕೌಶಲವೂ ಐಚ್ಛಿಕ ಕನ್ನಡವೂ

ಬೆಂಗಳೂರಿನ ನವೋದ್ಯಮಗಳು ಹೊರಡಿಸುವ ಉದ್ಯೋಗ ಪ್ರಕಟಣೆಗಳಲ್ಲಿ ಈಚೆಗೆ ‘ಹಸಿರು ಕೌಶಲ’ ಎಂಬ ಮಾತು ಪದೇ ಪದೇ ಕಾಣಿಸಿಕೊಳ್ಳುತ್ತಿದೆ. ಸೌರವಿದ್ಯುತ್ತು, ವಿದ್ಯುತ್ ವಾಹನ, ತ್ಯಾಜ್ಯ ನಿರ್ವಹಣೆ, ಮಣ್ಣಿನ ಇಂಗಾಲದ ಅಳತೆ, ಕಂಪನಿಗಳ ಪರಿಸರ ವರದಿ, ಇವುಗಳಲ್ಲಿ ಒಂದನ್ನಾದರೂ ಬಲ್ಲ ತರುಣ ತರುಣಿಯರು ಬೇಕಾಗಿದ್ದಾರೆ. ಲಿಂಕ್ಡ್‌ಇನ್ ಸಂಸ್ಥೆ 2024ರಲ್ಲಿ ಪ್ರಕಟಿಸಿದ ಜಾಗತಿಕ ವರದಿಯ ಪ್ರಕಾರ, ಹಿಂದಿನ ವರ್ಷಕ್ಕಿಂತ ಇಂಥವರ ಬೇಡಿಕೆ ಶೇ. 11.6ರಷ್ಟು ಏರಿದರೆ ಪೂರೈಕೆ ಏರಿದ್ದು ಶೇ. 5.6ರಷ್ಟು ಮಾತ್ರ. ನಮ್ಮ ದೇಶದಲ್ಲಿ ಈ ಬೇಡಿಕೆಗೆ ಕಾನೂನಿನ ಒತ್ತಾಸೆಯೂ ಇದೆ. ಷೇರುಪೇಟೆಯ ಮೊದಲ 1000 ಕಂಪನಿಗಳು ತಮ್ಮ ಪರಿಸರ ಹಾಗೂ ಸಾಮಾಜಿಕ ಹೊಣೆಯ ಲೆಕ್ಕವನ್ನು ಪ್ರತಿವರ್ಷ ಒಪ್ಪಿಸಬೇಕೆಂದು ಸೆಬಿ 2022-23ರಿಂದ ಕಡ್ಡಾಯಗೊಳಿಸಿದೆ. ದೊಡ್ಡ ಕಂಪನಿಗೆ ಲೆಕ್ಕ ಬೇಕು. ಆ ಲೆಕ್ಕವನ್ನು ಮಾಡಿಕೊಡಲು ಸಣ್ಣ ಕಂಪನಿಗಳು ಹುಟ್ಟಿಕೊಳ್ಳುತ್ತವೆ. ಸಣ್ಣ ಕಂಪನಿಗಳಿಗೆ ಆಳು ಬೇಕು. ಇದರಲ್ಲಿ ರಹಸ್ಯವೇನೂ ಇಲ್ಲ.

ಐಚ್ಛಿಕ ಕನ್ನಡದ ವಿದ್ಯಾರ್ಥಿ ಇಂಥ ಪ್ರಕಟಣೆಯನ್ನು ಕಂಡರೆ ಪುಟ ಮಗುಚಿಬಿಡುತ್ತಾನೆ. ಎಂಜಿನಿಯರಿಂಗ್ ಓದಿದವರದು ಈ ಮಾತು, ಹೆಚ್ಚೆಂದರೆ ಸಸ್ಯಶಾಸ್ತ್ರ ಓದಿದವರದು, ತನ್ನದಲ್ಲ ಎಂಬುದು ಅವನ ಎಣಿಕೆ. ನವೋದ್ಯಮದವರ ಎಣಿಕೆಯೂ ಹಾಗೆಯೇ ಇದೆ. ಇಬ್ಬರ ಎಣಿಕೆಯೂ ಸರಿಯಲ್ಲ ಎಂದು ಹೇಳುವುದು ಈ ಲೇಖನದ ಉದ್ದೇಶ. ಅವರು ಕೊಟ್ಟಿರುವ ಕೌಶಲಗಳ ಪಟ್ಟಿಯಲ್ಲಿ ಒಂದು ಬಿಟ್ಟುಹೋಗಿದೆ: ನೆಲದ ಮೇಲೆ ಬದುಕುವವರು ಆ ನೆಲಕ್ಕೆ ಕೊಟ್ಟಿರುವ ಹೆಸರುಗಳನ್ನು ತಿಳಿದು, ಅವುಗಳ ಹಿಂದಿರುವ ಹಕ್ಕು ಮತ್ತು ಬಳಕೆಗಳನ್ನು ಅರಿತು, ಹೊರಗಿನಿಂದ ಬಂದವರಿಗೆ ತಪ್ಪಿಲ್ಲದೆ ತಿಳಿಸಬಲ್ಲ ಕೌಶಲ. ಭಾಷಾಭಿಮಾನದ ಆವೇಶದಲ್ಲಿ ಈ ಮಾತನ್ನು ಆಡುತ್ತಿಲ್ಲ. ಈ ಕೌಶಲ ಇಲ್ಲದೆ ಹೋದಾಗ ಏನಾಗುತ್ತದೆ ಎಂಬುದನ್ನು ನೋಡಿ ಬರಲು ನಾವು ಬಹಳ ದೂರ ಹೋಗಬೇಕಾಗಿಲ್ಲ.

ಕಳೆದ ಚಳಿಗಾಲದ ಅಧ್ಯಯನ ಪ್ರವಾಸದಲ್ಲಿ ನಮ್ಮ ಅಂತಿಮ ವರ್ಷದವರು ನೋಡಿಬಂದ ನೀಲಗಿರಿಯ ಅವಲಾಂಚ್ ಅನ್ನೇ ತೆಗೆದುಕೊಳ್ಳೋಣ. ಉದಕಮಂಡಲದಿಂದ ಸುಮಾರು 28 ಕಿ.ಮೀ. ದೂರದ ಈ ಸ್ಥಳಕ್ಕೆ ಹೆಸರೇ ಎರವಲಿನದು. ಹಿಮರಾಶಿ ಕುಸಿಯುವುದನ್ನು ಸೂಚಿಸುವ ಪಾಶ್ಚಾತ್ಯ ಪದವದು. ಇಲ್ಲಿ ಹಿಮರಾಶಿಯೆಲ್ಲಿ ಬಂತು? ಚಳಿಗಾಲದ ಮುಂಜಾವಿನಲ್ಲಿ ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟುತ್ತದೆ, ಅಷ್ಟೆ. 19ನೆಯ ಶತಮಾನದ ಮೊದಲ ಭಾಗದಲ್ಲಿ ಇಲ್ಲಿ ಒಂದು ದೊಡ್ಡ ಭೂಕುಸಿತವಾಯಿತು. ಅದನ್ನು ಕಂಡ ಇಂಗ್ಲಿಷರು ತಮಗೆ ಗೊತ್ತಿದ್ದ ಪದವನ್ನು ಗುಡ್ಡಕ್ಕೆ ಅಂಟಿಸಿದರು. ಪ್ರವಾಸಿಗರು ಮೆಚ್ಚಿ ಚಿತ್ರ ತೆಗೆದುಕೊಳ್ಳುವ ಸರೋವರವೂ ಸಹಜವಾದುದಲ್ಲ. ಕೊಲಂಬೊ ಯೋಜನೆಯಡಿ ಕೆನಡಾ ದೇಶದ ನೆರವಿನಿಂದ ಕಟ್ಟಿದ ಕುಂದಾ ಜಲವಿದ್ಯುತ್ ಯೋಜನೆಯ ಜಲಾಶಯವದು. ಅಲ್ಲಿಯ ಟ್ರೌಟ್ ಮೀನು 1907ರಲ್ಲಿ ಆರಂಭವಾದ ಮರಿಕೇಂದ್ರದ ಸಂತತಿ. ದಂಡೆಯ ಸುತ್ತ ದಟ್ಟವಾಗಿ ನಿಂತಿರುವ ವ್ಯಾಟಲ್ ಮತ್ತು ಯೂಕಲಿಪ್ಟಸ್ ಮರಗಳು ಆಸ್ಟ್ರೇಲಿಯಾದವು. ನಮ್ಮ ವಿದ್ಯಾರ್ಥಿಗಳು ಬಸ್ಸಿನಿಂದ ಇಳಿದವರೇ ‘ಎಂಥ ಹಸಿರು!’ ಎಂದು ಬೆರಗಾದರು. ಬೆರಗು ಸಹಜ. ಆದರೆ ಅವರು ತೋರಿಸಿದ ಹಸಿರಿನಲ್ಲಿ ಬಹುಪಾಲು ಆ ನೆಲದ್ದಾಗಿರಲಿಲ್ಲ.

ಆ ಎತ್ತರದ ನೀಲಗಿರಿಯ ಸಹಜ ರೂಪ ಬೇರೆ. ಕಣಿವೆಗಳ ಮಡಿಲಲ್ಲಿ, ತೊರೆಗಳ ಇಕ್ಕೆಲದಲ್ಲಿ, ಗಿಡ್ಡ ಮರಗಳು ಒತ್ತಾಗಿ ಬೆಳೆದ ಶೋಲಾ ಕಾಡು. ಅದರ ಮೇಲೆ ದಿಬ್ಬದಿಂದ ದಿಬ್ಬಕ್ಕೆ ಹರಡಿಕೊಂಡ ಹುಲ್ಲು. ಈ ಹುಲ್ಲುಗಾವಲು ಯಾರೋ ಕಾಡು ಕಡಿದದ್ದರಿಂದ ಉಂಟಾದ ಬೋಳಲ್ಲ. ಅದು ಸಾವಿರಾರು ವರ್ಷಗಳಷ್ಟು ಹಳೆಯದೆಂದು ಅಲ್ಲಿಯ ಜೌಗು ನೆಲದ ಪದರಗಳನ್ನು ಅಭ್ಯಸಿಸಿದ ವಿಜ್ಞಾನಿಗಳು ತೋರಿಸಿದ್ದಾರೆ. ಮಳೆಯ ನೀರನ್ನು ಹಿಡಿದಿಟ್ಟು ಬೇಸಗೆಯಲ್ಲಿ ತೊರೆಗೆ ಬಿಟ್ಟುಕೊಡುವುದು ಈ ಹುಲ್ಲು ಮತ್ತು ಜೌಗು. ತೋದವರ ಎಮ್ಮೆಗಳು ಮೇಯುತ್ತಿದ್ದುದು ಇದರ ಮೇಲೆ; ಅವರ ಪವಿತ್ರ ಹಾಲುಮನೆಗಳ ಮಾಡಿಗೆ ಹೊದಿಸುವುದು ಇಲ್ಲಿನ ಜೌಗಿನಲ್ಲಿ ಮಾತ್ರ ಬೆಳೆಯುವ ಒಂದು ಹುಲ್ಲು. ಆದರೆ ವಸಾಹತು ಕಾಲದ ಅಧಿಕಾರಿಯ ಕಣ್ಣಿಗೆ ಇದೆಲ್ಲ ಖಾಲಿ ಜಾಗ. ಮರವಿಲ್ಲದ ಕಡೆ ಮರ ನೆಡುವುದು ಪುಣ್ಯಕಾರ್ಯ ಎಂಬ ಭಾವನೆಯಿಂದಲೂ, ಸೌದೆ ಮತ್ತು ತೊಗಲು ಹದಮಾಡುವ ತೊಗಟೆಯ ಆಸೆಯಿಂದಲೂ 1840ರ ದಶಕದಿಂದ ನೆಡುತೋಪುಗಳು ಬಂದವು. ಸ್ವಾತಂತ್ರ್ಯಾನಂತರ ನಾವು ಅದನ್ನೇ ಇನ್ನಷ್ಟು ಉತ್ಸಾಹದಿಂದ ಮುಂದುವರಿಸಿದೆವು. 1973ರಿಂದ 2017ರವರೆಗಿನ ಉಪಗ್ರಹ ಚಿತ್ರಗಳನ್ನು ಹೋಲಿಸಿದ ಒಂದು ಅಧ್ಯಯನದ ಪ್ರಕಾರ, ಪಶ್ಚಿಮಘಟ್ಟದ ಎತ್ತರದ ಹುಲ್ಲುಗಾವಲುಗಳಲ್ಲಿ ಶೇ. 23ರಷ್ಟನ್ನು ಪರದೇಶದ ಮರಗಳು ನುಂಗಿವೆ.

ಇಲ್ಲೊಂದು ವಿಷಯವನ್ನು ಕನ್ನಡದ ವಿದ್ಯಾರ್ಥಿಗಳು ಗಮನಿಸಬೇಕು. ಆಸ್ಟ್ರೇಲಿಯಾದಿಂದ ಬಂದ ಆ ಯೂಕಲಿಪ್ಟಸ್ ಮರಕ್ಕೆ ನಾವು ಕನ್ನಡದಲ್ಲಿ ಕೊಟ್ಟ ಹೆಸರು ‘ನೀಲಗಿರಿ’. ಬೆಟ್ಟವನ್ನು ಆವರಿಸಿದ ಮರ ಬೆಟ್ಟದ ಹೆಸರನ್ನೇ ಕಿತ್ತುಕೊಂಡಿತು. ಇಂದು ಕೋಲಾರದ ಮಗುವಿಗೆ ‘ನೀಲಗಿರಿ’ ಎಂದರೆ ನೆನಪಾಗುವುದು ತೋಪು. ಒಂದು ಪದದ ಅರ್ಥಪಲ್ಲಟದಲ್ಲಿ ನೂರೈವತ್ತು ವರ್ಷಗಳ ಪರಿಸರ ಚರಿತ್ರೆ ಅಡಗಿದೆ. ಅರ್ಥಸಂಕೋಚ, ಅರ್ಥವಿಸ್ತಾರ ಎಂದು ಭಾಷಾವಿಜ್ಞಾನದ ಪತ್ರಿಕೆಗೆ ಬಾಯಿಪಾಠ ಮಾಡುವವರು ಈ ಉದಾಹರಣೆಯನ್ನೂ ಬರೆದುಕೊಳ್ಳಬಹುದು.

2019ರ ಆಗಸ್ಟಿನಲ್ಲಿ ಅವಲಾಂಚ್‌ನಲ್ಲಿ ಒಂದೇ ದಿನ 800 ಮಿ.ಮೀ.ಗೂ ಮೀರಿ ಮಳೆ ಸುರಿಯಿತು. ಗುಡ್ಡಗಳು ಜಾರಿದವು, ದಾರಿಗಳು ಕಡಿದವು. ಅಂಥ ಮಳೆಗೆ ಯಾವ ಗುಡ್ಡವಾದರೂ ಜಾರೀತು. ಅದನ್ನು ನೇರವಾಗಿ ವ್ಯಾಟಲ್ ಮರದ ತಲೆಗೆ ಕಟ್ಟುವ ಅವಸರ ಬೇಡ. ಆದರೆ ಆ ಬಳಿಕ ಹುಲ್ಲನ್ನು ಮರಳಿ ತರಬೇಕೆಂಬ ಮಾತಿಗೆ ಬಲ ಬಂತೆಂಬುದು ನಿಜ. ತಮಿಳುನಾಡು ಸರ್ಕಾರ 2022ರಲ್ಲಿ ಆಕ್ರಮಣಕಾರಿ ಸಸ್ಯಗಳನ್ನು ತೆಗೆದು ಕಾಡುಗಳನ್ನು ಪುನಶ್ಚೇತನಗೊಳಿಸುವ ಒಂದು ನೀತಿಯನ್ನೇ ಪ್ರಕಟಿಸಿತು. ಇದು ಕೊಡಲಿಯ ಕೆಲಸವಷ್ಟೇ ಆಗಿದ್ದರೆ ಸುಲಭವಾಗುತ್ತಿತ್ತು. ವ್ಯಾಟಲ್ ಕಡಿದರೆ ಮಣ್ಣಿನಲ್ಲಿ ವರ್ಷಗಟ್ಟಲೆ ಮಲಗಿರುವ ಅದರ ಬೀಜಗಳು ಬೆಳಕು ಕಂಡೊಡನೆ ಸಾವಿರಗಟ್ಟಲೆ ಮೊಳೆಯುತ್ತವೆ. ವರ್ಷವರ್ಷವೂ ಸಸಿಗಳನ್ನು ಕೈಯಿಂದ ಕೀಳಬೇಕು. ಕೀಳುವವನಿಗೆ ಎರಡೆಲೆಯ ಹಂತದಲ್ಲೇ ಯಾವುದು ಕಳೆ, ಯಾವುದು ನೆಲದ ಗಿಡ ಎಂದು ತಿಳಿದಿರಬೇಕು. ಯಾವ ಹುಲ್ಲಿನ ಬೀಜ ಯಾವ ತಿಂಗಳು ಬಲಿಯುತ್ತದೆ, ಯಾವುದು ದಿಬ್ಬಕ್ಕೆ, ಯಾವುದು ಜೌಗಿಗೆ ಎಂಬುದು ಗೊತ್ತಿರಬೇಕು. ಹಸಿರು ಕೌಶಲ ಎಂಬುದೊಂದಿದ್ದರೆ ಅದು ಇದೇ. ಅದನ್ನು ಬಲ್ಲವರು ತೋದ, ಕೋತ, ಕುರುಂಬ, ಬಡಗ ಹಿರಿಯರು ಮತ್ತು ದಿನಗೂಲಿಯ ಕೆಲಸಗಾರರು. ಅವರ ಬಳಿ ಪ್ರಮಾಣಪತ್ರವಿಲ್ಲ, ಇಂಗ್ಲಿಷಿನಲ್ಲಿ ಬರೆದ ಸ್ವವಿವರವಿಲ್ಲ.

ಅವರ ಮಾತಿಗೂ ನಮ್ಮ ವಿಭಾಗಕ್ಕೂ ಸಂಬಂಧವಿದೆ. ‘ಬಡಗ’ ಎಂದರೆ ಬಡಗಣವರು, ಉತ್ತರದಿಂದ ಎಂದರೆ ಮೈಸೂರು ಸೀಮೆಯ ಕಡೆಯಿಂದ ಬಂದವರು. ಅವರ ನುಡಿಯಲ್ಲಿ ಹಾಲು ಹಾಲಾಗಿಯೇ ಇದೆ, ತಮಿಳಿನ ‘ಪಾಲ್’ ಆಗಿಲ್ಲ. ಊರಿಗೆ ಅವರು ‘ಹಟ್ಟಿ’ ಎನ್ನುತ್ತಾರೆ. ಪಕಾರ ಹಕಾರವಾದ ಬದಲಾವಣೆಯನ್ನು ತರಗತಿಯಲ್ಲಿ ಓದುವ ನಮ್ಮವರಿಗೆ ಇದು ಕಣ್ಣೆದುರಿನ ಸಾಕ್ಷ್ಯ. ಎಮೆನೊ ಅವರು ಬಡಗದ ಸ್ವರಗಳ ಬಗ್ಗೆ 1939ರಷ್ಟು ಹಿಂದೆಯೇ ಬರೆದಿದ್ದಾರೆ. ಹಾಕಿಂಗ್ಸ್ ಮತ್ತು ಪಿಲೊ-ರೈಶೂರ್ ಅವರ ಬಡಗ ನಿಘಂಟು 1992ರಲ್ಲಿ ಹೊರಬಂದಿತು. ಎರಡೂ ಇಂಗ್ಲಿಷಿನವು. ಬಡಗವು ಕನ್ನಡದ ಉಪಭಾಷೆಯೋ ಸ್ವತಂತ್ರ ಭಾಷೆಯೋ ಎಂಬ ವಾಗ್ವಾದದಲ್ಲಿ ನಮ್ಮ ಕೆಲವು ಉತ್ಸಾಹಿಗಳು ತೋರುವ ಯಜಮಾನಿಕೆ ನನಗೆ ಹಿಡಿಸದು. ತಮ್ಮ ಮಾತು ಸ್ವತಂತ್ರವೆಂದು ಆಡುವವರೇ ಹೇಳುತ್ತಿರುವಾಗ ನಾವು ಅದನ್ನು ಬೇರೆಯ ಹೆಸರಿನಿಂದ ಕರೆಯುವುದು ಗುಡ್ಡಕ್ಕೆ ಅವಲಾಂಚ್ ಎಂದು ಹೆಸರಿಟ್ಟವರ ಕೆಲಸಕ್ಕಿಂತ ಬಹಳ ಭಿನ್ನವಲ್ಲ.

ನೀಲಗಿರಿಯಲ್ಲಿ ನಡೆದದ್ದು ನಮ್ಮ ನಾಡಿನಲ್ಲಿಯೂ ನಡೆದಿದೆ; ಅದಕ್ಕೆ ಕಾರಣವಾದದ್ದು ಒಂದು ಪದ. ನನ್ನ ಪ್ರಾಥಮಿಕ ಶಾಲೆ ಮರಾಠಿಯಲ್ಲಿ, ಪ್ರೌಢಶಾಲೆ ಕನ್ನಡದಲ್ಲಿ ಆಯಿತು. ಗಡಿಭಾಗದಲ್ಲಿ ಇದು ವಿಶೇಷವಲ್ಲ. ಎರಡು ಭಾಷೆಗಳ ಭೂಗೋಳವನ್ನು ಓದಿದವನಿಗೆ ನೆಲದ ಪದಗಳ ಮೇಲೆ ಸ್ವಲ್ಪ ಹೆಚ್ಚಿನ ಗಮನ ಹರಿಯುತ್ತದೆ. ಮರಾಠಿಯಲ್ಲಿ ದೂರದವರೆಗೆ ಚಾಚಿದ ಎತ್ತರದ ಹುಲ್ಲುಬಯಲಿಗೆ ‘ಮಾಳರಾನ’ ಎನ್ನುತ್ತಾರೆ. ಹುಲ್ಲನ್ನು ಕಾಪಾಡಿ ಕೊಯ್ಯಲು ಕಾದಿರಿಸಿದ ತುಂಡಿಗೆ ‘ಕುರಣ’. ಊರಿನ ದನಗಳಿಗೆ ಬಿಟ್ಟದ್ದು ‘ಗಾಯರಾನ’. ಒಂದೆರಡು ವರ್ಷ ಉಳದೆ ಬಿಟ್ಟ ಹೊಲ ‘ಪಡೀಕ’. ನಾಲ್ಕೂ ಬೇರೆ, ನಾಲ್ಕರಲ್ಲೂ ಯಾರು ಕಾಲಿಡಬಹುದು ಎಂಬ ನಿಯಮ ಬೇರೆ. ಕನ್ನಡವೇನು ಬಡವಾಗಿಲ್ಲ. ನಮ್ಮ ಬೆಳಗಾವಿ ಕಡೆಯ ಗಾಯರಾಣ, ಹಳೆಯ ಮೈಸೂರಿನ ಗೋಮಾಳ ಮತ್ತು ಅಮೃತಮಹಲ್ ಕಾವಲು, ಕಂದಾಯ ದಾಖಲೆಯ ಹುಲ್ಲುಬನ್ನಿ, ಉತ್ತರ ಕನ್ನಡದ ಸೊಪ್ಪಿನ ಬೆಟ್ಟ, ಮಲೆನಾಡಿನ ಕಾನು, ದಕ್ಷಿಣ ಕನ್ನಡದ ಕುಮ್ಕಿ, ಕೊಡಗಿನ ಬಾಣೆ: ಒಂದೊಂದು ಹೆಸರೂ ಒಂದೊಂದು ಹಕ್ಕುಪತ್ರ. ಸೊಪ್ಪಿನ ಬೆಟ್ಟವೆಂದರೆ ಅಡಕೆ ತೋಟದವನು ಸೊಪ್ಪು ತರುವ ಕಾಡು. ಕಾವಲು ಎಂದರೆ ದನದ ಮೇವಿಗೆ ಕಾಯ್ದಿಟ್ಟ ಹುಲ್ಲು. ಈ ಇಡೀ ಸಂಪತ್ತಿನ ಬಹುಭಾಗವನ್ನು ಆಡಳಿತದ ಭಾಷೆ ಒಂದೇ ಪದದಲ್ಲಿ ಮುಳುಗಿಸಿತು: ಬಂಜರು. ಕೇಂದ್ರ ಸರ್ಕಾರವೇ ಹೊರತರುವ ಬಂಜರು ಭೂಮಿಯ ನಕ್ಷೆ ಪುಸ್ತಕಗಳಲ್ಲಿ ಇಂದಿಗೂ ಹುಲ್ಲುಗಾವಲು ಮತ್ತು ಕುರುಚಲು ಭೂಮಿಯ ದೊಡ್ಡ ಪಾಲು ಸೇರಿಕೊಂಡಿದೆ.

ಪದ ಹೀಗೆ ಬದಲಾದ ಮೇಲೆ ಮುಂದಿನದು ಸಲೀಸು. 1984ರಲ್ಲಿ ಕರ್ನಾಟಕ ಪಲ್ಪ್‌ವುಡ್ಸ್ ಎಂಬ ಜಂಟಿ ಕಂಪನಿಯೊಂದು ಹುಟ್ಟಿತು. ಹರಿಹರದ ಪಾಲಿಫೈಬರ್ಸ್ ಕಾರ್ಖಾನೆಗೆ ಬೇಕಾದ ಮರವನ್ನು ಬೆಳೆಯಲು ಅದಕ್ಕೆ ಸಿ ಮತ್ತು ಡಿ ದರ್ಜೆಯ ಸುಮಾರು 30,000 ಹೆಕ್ಟೇರ್ ಭೂಮಿಯನ್ನು ಕೊಡುವ ಏರ್ಪಾಡಾಯಿತು. ದರ್ಜೆಯೆಂಬುದು ಕಡತದ ಮಾತು. ಜನರ ಮಾತಿನಲ್ಲಿ ಅದು ಸೌದೆ, ಮೇವು, ಸೊಪ್ಪು ತರುವ ಊರಿನ ನೆಲ. 1987ರ ನವೆಂಬರ್ 14ರಂದು ಅಂದಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ಹಳ್ಳಿಗರು ನೀಲಗಿರಿ ಸಸಿಗಳನ್ನು ಕಿತ್ತು ಹಾಕಿ ತಮಗೆ ಬೇಕಾದ ಸಸಿಗಳನ್ನು ನೆಟ್ಟರು. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಸಂಘಟಿಸಿದ ಆ ಹೋರಾಟದ ಹೆಸರು ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹ. ಧಾರವಾಡದ ಕನ್ನಡದಲ್ಲಿ ಸಸಿ ನೆಡುವುದಕ್ಕೆ ‘ಹಚ್ಚುವುದು’ ಎನ್ನುತ್ತೇವೆ. ಆ ಕ್ರಿಯಾಪದವೇ ಘೋಷಣೆಯಾಯಿತು. ಸರ್ವೋಚ್ಚ ನ್ಯಾಯಾಲಯಕ್ಕೆ ಹೋದ ಅರ್ಜಿಯಲ್ಲಿ ಶಿವರಾಮ ಕಾರಂತರ ಹೆಸರೂ ಇತ್ತು ಎಂಬುದನ್ನು, ಕಾದಂಬರಿಕಾರ ಕಾರಂತರನ್ನು ಮಾತ್ರ ಓದಿದವರು ತಿಳಿದಿರಬೇಕು. 1991ರಲ್ಲಿ ಆ ಕಂಪನಿ ಮುಚ್ಚಿತು. ರಾಜ್ಯದಲ್ಲಿ ನೀಲಗಿರಿ ನೆಡುವುದನ್ನು ಸರ್ಕಾರ ನಿಷೇಧಿಸಿದ್ದು 2017ರಲ್ಲಿ, ಅಂದರೆ ಕುಸನೂರಿನವರು ಹೇಳಿದ ಮೂವತ್ತು ವರ್ಷಗಳ ನಂತರ.

ಇಷ್ಟು ಹಿಂದಿನದನ್ನು ಹೇಳಿದ್ದಕ್ಕೆ ಕಾರಣವಿದೆ. ಇಂದು ಬೆಂಗಳೂರಿನಲ್ಲಿ, ಬೇರೆ ನಗರಗಳಲ್ಲಿ, ಮರ ನೆಟ್ಟೋ ಮಣ್ಣಿನ ಗುಣ ಹೆಚ್ಚಿಸಿಯೋ ವಾತಾವರಣದ ಇಂಗಾಲವನ್ನು ಹಿಡಿದಿಟ್ಟೆವೆಂದು ಲೆಕ್ಕ ತೋರಿಸಿ, ಟನ್ನಿಗೆ ಒಂದರಂತೆ ‘ಕಾರ್ಬನ್ ಕ್ರೆಡಿಟ್’ ಮಾರುವ ಉದ್ಯಮ ಬೆಳೆಯುತ್ತಿದೆ. ಕೇಂದ್ರವು 2023ರಲ್ಲಿ ಇದರ ವಹಿವಾಟಿಗೆ ಒಂದು ಯೋಜನೆಯನ್ನು ಅಧಿಸೂಚಿಸಿದೆ. ನಗರದ ಕಚೇರಿಯಲ್ಲಿ ಕುಳಿತವರು ಉಪಗ್ರಹ ಚಿತ್ರವನ್ನು ನೋಡುತ್ತಾರೆ. ಅದರಲ್ಲಿ ಮರವಿಲ್ಲದ ಕಂದು ಬಣ್ಣದ ತುಂಡು ಕಾಣುತ್ತದೆ. ಅದು ಬಂಜರು ಎಂದು ಕಂಪ್ಯೂಟರಿನಲ್ಲಿ ನಮೂದಾಗುತ್ತದೆ. ಅವರ ಉದ್ದೇಶ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. 1840ರ ಅಧಿಕಾರಿಯ ಉದ್ದೇಶವೂ ಪೂರ್ತಿ ಕೆಟ್ಟದ್ದಾಗಿರಲಿಲ್ಲ. ಆ ಕಂದು ತುಂಡು ಕುರಿಯವರ ದಾರಿಯಲ್ಲಿರುವ ಕಾವಲೋ, ತೋಳ ನರಿಗಳ ನೆಲೆಯೋ, ಊರಿನ ಗಾಯರಾಣವೋ ಎಂದು ಕೇಳಿ ಹೇಳುವವರು ಆ ಕಚೇರಿಯಲ್ಲಿ ಇಲ್ಲ. ಅವರು ಪ್ರಕಟಣೆಯಲ್ಲಿ ಕೇಳದೆ ಬಿಟ್ಟ ಕೌಶಲ ಇದು.

ನಮ್ಮಲ್ಲಿ ಓದಿದ ಒಬ್ಬ ವಿದ್ಯಾರ್ಥಿನಿ ಇಂಥದೊಂದು ಸಣ್ಣ ಕಂಪನಿಯಲ್ಲಿ ಎರಡು ವರ್ಷ ಕೆಲಸ ಮಾಡಿದಳು. ಬಯಲುಸೀಮೆಯ ಹಳ್ಳಿಗಳಲ್ಲಿ ರೈತರನ್ನು ಕೂಡಿಸಿ ಯೋಜನೆಯನ್ನು ವಿವರಿಸುವುದು ಅವಳ ಕೆಲಸ. ಮೊದಲ ಸಭೆಯಲ್ಲೇ ರೈತರು ಎದ್ದು ಹೊರಟರಂತೆ. ಕಂಪನಿಯವರು ಕೊಟ್ಟಿದ್ದ ಕರಪತ್ರದಲ್ಲಿ ‘ಕಾರ್ಬನ್ ಕ್ರೆಡಿಟ್’ ಎಂದಿತ್ತು. ರೈತರಿಗೆ ಕ್ರೆಡಿಟ್ ಎಂದರೆ ಕಿಸಾನ್ ಕ್ರೆಡಿಟ್ ಕಾರ್ಡು, ಎಂದರೆ ಸಾಲ. ಇನ್ನೊಂದು ಸಾಲ ಯಾರಿಗೆ ಬೇಕು? ‘ಇಂಗಾಲ’ ಎಂದು ಕನ್ನಡಿಸಿದರೆ ಅಜ್ಜಂದಿರಿಗೆ ಒಲೆಯ ಇದ್ದಿಲು ನೆನಪಾಯಿತು. ಕೊನೆಗೆ ಅವಳು ಪಾರಿಭಾಷಿಕ ಪದವನ್ನು ಕೈಬಿಟ್ಟು, ‘ಮಣ್ಣಿನಲ್ಲಿ ಕೊಳೆತ ಸೊಪ್ಪು-ಸದೆಯ ಅಂಶ ಹೆಚ್ಚಾದರೆ ಅದಕ್ಕೆ ಹೊರದೇಶದವರು ಕೊಡುವ ಹಣ, ಇದು ಸಾಲವಲ್ಲ, ಆದರೆ ಇಷ್ಟು ವರ್ಷ ನೀವು ಈ ಷರತ್ತುಗಳಿಗೆ ಬದ್ಧರು’ ಎಂದು ವಿವರಿಸತೊಡಗಿದಳು. ಜನ ಕುಳಿತು ಕೇಳಿದರು, ಪ್ರಶ್ನೆ ಕೇಳಿದರು. ‘ನಡುವೆ ಕೃಷಿಹೊಂಡ ತೆಗೆಯಬೇಕೆನಿಸಿದರೆ?’ ಎಂದು ಒಬ್ಬರು ಕೇಳಿದ ಪ್ರಶ್ನೆಗೆ ಕಂಪನಿಯ ಕರಾರಿನಲ್ಲಿ ಉತ್ತರವೇ ಇರಲಿಲ್ಲ; ಅದನ್ನು ಸೇರಿಸಿದ್ದು ಆಮೇಲೆ. ಕರಾರಿನ ಕೊರತೆಯನ್ನು ಕಂಡುಹಿಡಿದದ್ದು ಒಂದು ಸರಿಯಾದ ಅನುವಾದ. ಆದರೆ ಅವಳ ಹುದ್ದೆ ‘ಕ್ಷೇತ್ರ ಸಹಾಯಕಿ’. ಕಚೇರಿಯಲ್ಲಿ ಕುಳಿತು ಅವಳು ತಂದ ಮಾಹಿತಿಯನ್ನು ಕೋಷ್ಟಕಕ್ಕೆ ಏರಿಸುತ್ತಿದ್ದವನು ‘ಸುಸ್ಥಿರತಾ ವಿಶ್ಲೇಷಕ’. ಅವನ ಸಂಬಳದ ಅರ್ಧವೂ ಅವಳಿಗೆ ಇರಲಿಲ್ಲ. ಆ ಕಂಪನಿಯ ಹೆಸರು ಇಲ್ಲಿ ಬೇಡ. ಇಂಥ ಸಂಬಳಪಟ್ಟಿ ಒಂದೇ ಕಡೆಯದಲ್ಲ.

ಮರಾಠಿಯವರು ಈ ವಿಷಯದಲ್ಲಿ ನಮಗಿಂತ ಒಂದು ಹೆಜ್ಜೆ ಮುಂದಿದ್ದಾರೆ ಎಂದು ಹೇಳಿದರೆ ಯಾರೂ ಬೇಸರಿಸಬಾರದು. ಅಲ್ಲಿ ‘ಸೇಂದ್ರಿಯ ಕರ್ಬ’ ಎಂಬ ಮಾತು ಚಹಾ ಅಂಗಡಿಯಲ್ಲಿ ಕುಳಿತ ರೈತನ ಬಾಯಲ್ಲೂ ಇದೆ. 2005ರಿಂದ ಹೊರಬರುತ್ತಿರುವ ‘ಅಗ್ರೊವನ್’ ಎಂಬ ಕೃಷಿ ದಿನಪತ್ರಿಕೆಯೇ ಕೃಷಿಯ ಪದಗಳನ್ನು ದಿನದಿನವೂ ಬಳಸಿ ಬಳಸಿ ಮೆತ್ತಗೆ ಮಾಡಿತು. ಪದ ಸಮಿತಿಯಲ್ಲಿ ಹುಟ್ಟಬಹುದು, ಬದುಕುವುದು ಬಳಕೆಯಲ್ಲಿ. ನಮ್ಮಲ್ಲಿಯೂ ಪುತ್ತೂರಿನಿಂದ 1988ರಲ್ಲಿ ಆರಂಭವಾದ ‘ಅಡಿಕೆ ಪತ್ರಿಕೆ’ ಕೃಷಿಕರ ಕೈಗೇ ಲೇಖನಿ ಕೊಟ್ಟು ಇಂಥದೇ ಕೆಲಸ ಮಾಡಿದೆ. ಶ್ರೀಪಡ್ರೆಯವರ ಗದ್ಯವನ್ನು ನಮ್ಮ ಪಠ್ಯಕ್ಕೆ ತರುವ ಬಗ್ಗೆ ಅಧ್ಯಯನ ಮಂಡಳಿ ಯೋಚಿಸಬಾರದೆ? ಪ್ರಬಂಧ ಸಾಹಿತ್ಯವೆಂದರೆ ಲಲಿತವಾಗಿಯೇ ಇರಬೇಕೆಂದು ಯಾರು ಹೇಳಿದರು?

ನೆಲದ ಅರಿವಿಗೆ ಬೆಲೆ ಸಿಕ್ಕ ಕೆಲವು ನಿದರ್ಶನಗಳೂ ಇವೆ. ಅವಲಾಂಚ್‌ನಿಂದ ಬೆಟ್ಟದ ಆಚೆ ಬದಿಗೆ ಇಳಿದರೆ ಗೂಡಲೂರು. ಅಲ್ಲಿ ಬೆಟ್ಟಕುರುಂಬ, ಪಣಿಯ, ಕಾಟ್ಟುನಾಯಕ ಮತ್ತು ಸೋಲಿಗ ಕುಶಲಕರ್ಮಿಗಳು, ಕಾಡನ್ನು ಆವರಿಸಿರುವ ಲಂಟಾನದ ಕಡ್ಡಿಗಳನ್ನು ಬೇಯಿಸಿ ಬಗ್ಗಿಸಿ ಆನೆಯಷ್ಟೇ ದೊಡ್ಡ ಆನೆಗಳನ್ನು ಮಾಡುತ್ತಾರೆ. ತಾವು ಕಾಡಿನಲ್ಲಿ ಕಂಡು ಗುರುತಿಸುವ ಆನೆಗಳನ್ನೇ ಅವರು ಮಾದರಿಯಾಗಿ ಇಟ್ಟುಕೊಂಡಿದ್ದಾರೆ. 2021ರಲ್ಲಿ ಲಂಡನ್ನಿನ ಉದ್ಯಾನಗಳಲ್ಲಿ ಅವು ನಿಂತವು. 2024ರಲ್ಲಿ 100 ಆನೆಗಳು ಅಮೆರಿಕದ ಪ್ರವಾಸ ಹೊರಟವು. ಕೋಟಗಿರಿಯಲ್ಲಿ ಆದಿವಾಸಿಗಳೇ ಪಾಲುದಾರರಾದ ‘ಆದಿಮಲೈ’ ಉತ್ಪಾದಕರ ಕಂಪನಿ ಜೇನು ಮತ್ತಿತರ ಕಾಡುತ್ಪನ್ನಗಳ ವ್ಯವಹಾರಕ್ಕಾಗಿ 2021ರಲ್ಲಿ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿ ಪಡೆಯಿತು. ನಗರದೊಳಗಿನ ನಿದರ್ಶನ ಬೇಕಾದರೆ, ಬೆಂಗಳೂರಿನ ಚಿಂದಿ ಆಯುವವರು 2011ರಿಂದ ಪಾಲಿಕೆಯ ಗುರುತಿನ ಚೀಟಿ ಪಡೆದು, ‘ಹಸಿರು ದಳ’ದಂಥ ಸಂಘಟನೆಗಳ ಮೂಲಕ ವಾರ್ಡುಗಳ ಒಣಕಸ ಕೇಂದ್ರಗಳನ್ನು ನಡೆಸುತ್ತಿದ್ದಾರೆ. ಯಾವ ಪ್ಲಾಸ್ಟಿಕ್ಕು ಯಾವ ಅಂಗಡಿಗೆ ಯಾವ ದರಕ್ಕೆ ಎಂಬುದನ್ನು ಮುಟ್ಟಿ ನೋಡಿಯೇ ಹೇಳಬಲ್ಲ ಅವರ ಜ್ಞಾನದ ಮೇಲೆ ನಗರದ ತ್ಯಾಜ್ಯ ನವೋದ್ಯಮಗಳು ನಿಂತಿವೆ.

ತೇಜಸ್ವಿಯವರ ‘ಕರ್ವಾಲೊ’ ಓದಿದವರಿಗೆ ಈ ಸಂಗತಿ ಹೊಸದಲ್ಲ. ಹಾರುವ ಓತಿಯನ್ನು ಹುಡುಕಿ ಹೊರಟ ವಿಜ್ಞಾನಿಗೆ ಹಳ್ಳಿಯ ಮಂದಣ್ಣ ಬೇಕು, ಏಕೆಂದರೆ ಕಂಡವನು ಅವನು. ಊರಿನವರಿಗೆ ಮಂದಣ್ಣ ಕೆಲಸಕ್ಕೆ ಬಾರದವನು. ಕರ್ವಾಲೊ ಅವರಿಗೆ ಅನಿವಾರ್ಯ. ನಾವು 1980ರ ಈ ಕಾದಂಬರಿಯನ್ನು ವಿಕಾಸವಾದ, ಕಾಲ, ವಿಸ್ಮಯ ಎಂದೆಲ್ಲ ವಿಶ್ಲೇಷಿಸುತ್ತೇವೆ. ಅದೆಲ್ಲ ಇರಲಿ, ಮಂದಣ್ಣನಿಗೆ ಸಂಬಳ ಎಷ್ಟು ಕೊಡಬೇಕು ಎಂಬ ಪ್ರಶ್ನೆಯನ್ನು ನಾನು ಈ ವರ್ಷ ತರಗತಿಯಲ್ಲಿ ಕೇಳಬೇಕೆಂದಿದ್ದೇನೆ. ಹಾಗೆಯೇ ಬಿ.ಜಿ.ಎಲ್. ಸ್ವಾಮಿಯವರು. ಮದರಾಸಿನ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತ ‘ಹಸುರು ಹೊನ್ನು’ ಬರೆದ ಅವರಿಗೆ 1978ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತು. ಇನ್ನೂ ಹಿಂದೆ ಹೋದರೆ ಸುಮಾರು 1025ರ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ ವೃಕ್ಷಾಯುರ್ವೇದವೂ ಅಂತರ್ಜಲ ಶೋಧನೆಯೂ ಕನ್ನಡದಲ್ಲಿಯೇ ಇವೆ. ಸಾಹಿತ್ಯ ವಿಭಾಗ ನೌಕರಿಯ ಕಾರ್ಖಾನೆಯಲ್ಲ ಎಂದು ಹಿರಿಯ ಸಹೋದ್ಯೋಗಿಯೊಬ್ಬರು ನನ್ನ ಈ ವಾದಕ್ಕೆ ಆಕ್ಷೇಪಿಸಿದರು. ಒಪ್ಪುತ್ತೇನೆ. ಆದರೆ ನೆಲ, ನೀರು, ಗಿಡಗಳ ಮಾತು ಸಾಹಿತ್ಯದ ಹೊರಗಿನದು ಎಂಬುದು ನಮ್ಮ ಪರಂಪರೆಯ ಅಭಿಪ್ರಾಯವಲ್ಲ. ಅದು ಪ್ರಶ್ನೆಪತ್ರಿಕೆಯ ಅಭಿಪ್ರಾಯ.

ಒಂದು ಎಚ್ಚರಿಕೆಯನ್ನು ಮಾತ್ರ ಬಿಡಿಸಿ ಹೇಳಬೇಕು. ಕಂಪನಿಗಳು ಭಾಷೆ ಬಲ್ಲವರನ್ನು ಎರಡು ಕಾರಣಕ್ಕೆ ಕರೆಯಬಹುದು: ಜನರಿಗೆ ತಿಳಿಸುವುದಕ್ಕೆ, ಇಲ್ಲವೇ ಜನರನ್ನು ಒಪ್ಪಿಸುವುದಕ್ಕೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಕೆಲಸದಂತೆ ಕಾಣುತ್ತದೆ, ಅದೇ ಕರಪತ್ರ, ಅದೇ ಸಭೆ, ಅದೇ ಚಹಾ. ಇಪ್ಪತ್ತು ವರ್ಷದ ಕರಾರಿಗೆ ಹೆಬ್ಬೆಟ್ಟು ಒತ್ತುವ ಮುದುಕನ ಎದುರು ಕುಳಿತಾಗ ವ್ಯತ್ಯಾಸ ತಿಳಿಯುತ್ತದೆ. ಸವಿಮಾತಿನ ಕನ್ನಡ ಬಲ್ಲವನು ಅವನನ್ನು ಐದು ನಿಮಿಷದಲ್ಲಿ ಒಪ್ಪಿಸಬಲ್ಲ. ಕಾವ್ಯ ಮೀಮಾಂಸೆಯನ್ನು ಓದಿದವರಿಗೆ ಮಾತಿನ ಮೋಡಿ ಎಂಥದೆಂದು ಹೇಳಿಕೊಡಬೇಕಾಗಿಲ್ಲ. ಅದಕ್ಕೇ ನಿಮ್ಮ ಮೇಲೆ ಹೊಣೆ ಹೆಚ್ಚು. ಷರತ್ತುಗಳನ್ನು ಮೊದಲು ಹೇಳಿ, ಲಾಭವನ್ನು ಆಮೇಲೆ ಹೇಳಬೇಕು. ಅದಕ್ಕೆ ಒಪ್ಪದ ಕಂಪನಿಯ ಕೆಲಸ ಬೇಡ.

ಇನ್ನೊಂದು ಮಾತು. ಭಾಷೆಯೊಂದೇ ಸಾಲದು. ಮಣ್ಣು ಪರೀಕ್ಷೆಯ ವರದಿಯನ್ನು ಓದಲು, ಕೋಷ್ಟಕದಲ್ಲಿ ಲೆಕ್ಕ ತುಂಬಲು, ಮೊಬೈಲಿನಲ್ಲಿ ಜಾಗದ ಅಕ್ಷಾಂಶ ರೇಖಾಂಶ ಗುರುತಿಸಲು ಬಾರದವನು ‘ನಾನು ಜನಪದ ಬಲ್ಲೆ’ ಎಂದರೆ ಯಾರೂ ಕೆಲಸ ಕೊಡುವುದಿಲ್ಲ, ಕೊಡಬೇಕಾಗಿಯೂ ಇಲ್ಲ. ಇವು ಮೂರು ತಿಂಗಳಿನಲ್ಲಿ ಕಲಿಯಬಹುದಾದವು. ಗಾಯರಾಣಕ್ಕೂ ಬೀಳಿಗೂ ಇರುವ ವ್ಯತ್ಯಾಸವನ್ನು ಮೂರು ತಿಂಗಳಿನಲ್ಲಿ ಕಲಿಯಲಾಗದು. ಅದು ನಿಮ್ಮಲ್ಲಿ ಅನೇಕರಿಗೆ ಮನೆಯಿಂದಲೇ ಬಂದಿದೆ.

ಜೀವವೈವಿಧ್ಯ ಕಾಯ್ದೆ 2002ರ ಪ್ರಕಾರ ಪ್ರತಿ ಗ್ರಾಮಪಂಚಾಯಿತಿಯಲ್ಲಿ ಒಂದು ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದರ ಬಳಿ ಊರಿನ ಗಿಡ, ಪ್ರಾಣಿ, ತಳಿಗಳ ಸ್ಥಳೀಯ ಹೆಸರು ಮತ್ತು ಬಳಕೆಗಳ ದಾಖಲೆ ಪುಸ್ತಕ ಇರಬೇಕು. ಹಸಿರು ನ್ಯಾಯಮಂಡಳಿ 2020ರ ಜನವರಿ 31ರ ಗಡುವು ಹಾಕಿದಾಗ ಅವಸರದಲ್ಲಿ ಸಾವಿರಾರು ಪುಸ್ತಕಗಳು ತುಂಬಿದವು. ನಿಮ್ಮ ಊರಿನ ಪುಸ್ತಕವನ್ನು ಪಂಚಾಯಿತಿಯಲ್ಲಿ ಕೇಳಿ ನೋಡಿರಿ. ಪಕ್ಕದ ಊರಿನದನ್ನೇ ನಕಲು ಮಾಡಿರಬಹುದು, ಹೆಸರುಗಳು ಲ್ಯಾಟಿನ್ನಿನಲ್ಲಿ ಮಾತ್ರ ಇರಬಹುದು.

ಆದ್ದರಿಂದ ಈ ಸೆಮಿಸ್ಟರಿನ ನಿಯೋಜಿತ ಕಾರ್ಯಕ್ಕೆ ಛಂದಸ್ಸಿನ ಪ್ರಸ್ತಾರದ ಬದಲು ಇದನ್ನು ಕೊಡಲು ವಿಭಾಗ ಒಪ್ಪಿದೆ. ಪ್ರತಿಯೊಬ್ಬರೂ ತಮ್ಮ ಊರಿನ ನೆಲ, ಹುಲ್ಲು, ನೀರುಗಳ 30 ಪದಗಳನ್ನು ಸಂಗ್ರಹಿಸಬೇಕು. ಪದದ ಎದುರು ಅರ್ಥವನ್ನಷ್ಟೇ ಬರೆದರೆ ಅರ್ಧ ಅಂಕ. ಆ ಜಾಗಕ್ಕೆ ಯಾರು ಯಾವ ತಿಂಗಳು ದನ ಬಿಡುತ್ತಾರೆ, ಯಾರು ಬಿಡಬಾರದು, ಈಗ ಅಲ್ಲಿ ಏನಿದೆ ಎಂಬುದನ್ನೂ ಬರೆಯಬೇಕು. ಹೇಳಿದವರ ಒಪ್ಪಿಗೆ ಪಡೆದು ಅವರ ಹೆಸರನ್ನು ಪುಟದ ಮೇಲ್ಭಾಗದಲ್ಲಿ ಹಾಕಬೇಕು, ನಿಮ್ಮ ಹೆಸರು ಕೆಳಗಿರಲಿ. ಮನೆಯಲ್ಲಿ ಮರಾಠಿ, ತುಳು, ಉರ್ದು, ತೆಲುಗು, ಲಂಬಾಣಿ ಆಡುವವರು ಆ ಭಾಷೆಯ ಪದವನ್ನೇ ಮೊದಲು ಬರೆದು ಕನ್ನಡವನ್ನು ಅದರ ಪಕ್ಕದಲ್ಲಿ ಬರೆಯಿರಿ. ಎರಡು ಪ್ರತಿ ತಯಾರಿಸಿರಿ; ಒಂದು ವಿಭಾಗಕ್ಕೆ, ಇನ್ನೊಂದು ನಿಮ್ಮ ಪಂಚಾಯಿತಿಯ ಸಮಿತಿಗೆ. ಕೊನೆಯ ದಿನಾಂಕ ದೀಪಾವಳಿ ರಜೆ ಮುಗಿದ ಮೊದಲ ಸೋಮವಾರ. ಉದ್ಯೋಗ ಮಾರ್ಗದರ್ಶನ ಘಟಕಕ್ಕೂ ಒಂದು ಪತ್ರ ಬರೆದಿದ್ದೇನೆ: ಮುಂದಿನ ಬಾರಿ ಹಸಿರು ಉದ್ಯಮದವರು ಸಂದರ್ಶನಕ್ಕೆ ಬಂದಾಗ, ಕ್ಷೇತ್ರ ಸಹಾಯಕರ ಸಂಬಳವೆಷ್ಟು, ವಿಶ್ಲೇಷಕರ ಸಂಬಳವೆಷ್ಟು ಎಂದು ನಮ್ಮ ಮಕ್ಕಳ ಎದುರಿಗೇ ಕೇಳಬೇಕೆಂದು.